ಚರ್ಚಿನ ಅಟ್ಟದಲ್ಲಿ ಉಳ್ಕೊಂಡಿರೋ ಆಸ್ಪತ್ರೆ: ಲಂಡನ್ನಿನ ಹಳೇ ಓಟಿ ನೋಡ್ಕೊಂಡು ಬಂದೆ

ಲಂಡನ್ ಬ್ರಿಡ್ಜ್ ಸ್ಟೇಷನ್ನಿಂದ ಹೊರಗೆ ಬಂದ್ರೆ ಎಲ್ಲರ ಕಣ್ಣೂ ಮೇಲಕ್ಕೇ ಹೋಗುತ್ತೆ, ಶಾರ್ಡ್ ಅನ್ನೋ ಆ ಗಾಜಿನ ಗೋಪುರ ಅಲ್ಲೇ ಇರೋದು. ಅದರ ಫೋಟೋ ತೆಗೆಯೋ ಗದ್ದಲದಲ್ಲಿ ಪಕ್ಕದ ಸೇಂಟ್ ಥಾಮಸ್ ಸ್ಟ್ರೀಟಲ್ಲಿರೋ ಇಟ್ಟಿಗೆ ಚರ್ಚು ಯಾರಿಗೂ ಕಾಣ್ಸಲ್ಲ. ನಾನೂ ಆ ರಸ್ತೇಲಿ ಎಷ್ಟೋ ಸಲ ಓಡಾಡಿದೀನಿ, ತಲೆ ಎತ್ತಿ ನೋಡಿರಲಿಲ್ಲ. ಆ ಚರ್ಚಿನ ಅಟ್ಟದಲ್ಲಿ ಒಂದು ಓಟಿ ಇದೆ. ಹೌದು, ಆಪರೇಷನ್ ಥಿಯೇಟರ್ರೇ. 1822ರಲ್ಲಿ ಮಾಡಿದ್ದು. ಅದರ ಸುತ್ತ ಇದ್ದ ಅಷ್ಟು ದೊಡ್ಡ ಸೇಂಟ್ ಥಾಮಸ್ ಆಸ್ಪತ್ರೆ ಹೋಗಿ ನೂರೈವತ್ತು ವರ್ಷಕ್ಕೂ ಜಾಸ್ತಿ ಆಯ್ತು, ಈ ಒಂದು ರೂಮು ಮಾತ್ರ ಚರ್ಚಿನ ಸೂರಿನ ಕೆಳಗೆ ಹಾಗೇ ಉಳ್ಕೊಂಡಿದೆ. ಈಗ ಅದು ಓಲ್ಡ್ ಆಪರೇಟಿಂಗ್ ಥಿಯೇಟರ್ ಮ್ಯೂಸಿಯಂ.

ನಾನು ಹದಿನಾಲ್ಕು ವರ್ಷದಿಂದ ಓಟಿ ನರ್ಸ್. ದಿನಾ ನೋಡೋದೇ ಓಟಿ, ರಜಾ ದಿನಾನೂ ಓಟಿ ನೋಡೋಕೆ ಯಾಕೆ ಹೋಗಬೇಕು ಅಂತ ಮುಂದಕ್ಕೆ ಹಾಕ್ತಾನೇ ಇದ್ದೆ. ಜೊತೇಲಿ ಕೆಲಸ ಮಾಡೋ ಹುಡುಗಿ ಒಬ್ಳು, ನಮ್ಮ ಕಡೆಯವಳೇ, ಬಂದು ಒಂದು ವರ್ಷ ಆಗಿದೆ ಅಷ್ಟೇ, ಅವಳೇ ಟಿಕೆಟ್ ಬುಕ್ ಮಾಡಿ "ಅಕ್ಕಾ, ಭಾನುವಾರ ಇಬ್ರಿಗೂ ಆಫು, ಬನ್ನಿ ಹೋಗೋಣ" ಅಂತ ಎಳ್ಕೊಂಡು ಹೋದ್ಲು. ಬಂದ ಮೇಲೆ ಎರಡು ದಿನ ನನಗೆ ಅದೇ ಗುಂಗು. ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತಾಗಿ ಓದಿ. ಸ್ಟಾರ್ ಕೇಳಿದ್ರೆ ಐದಕ್ಕೆ ಐದು, ಅದರಲ್ಲಿ ಯೋಚನೆ ಮಾಡೋದು ಏನೂ ಇಲ್ಲ.

ಮೊದಲು ಮೆಟ್ಟಿಲಿನ ವಿಷಯ ಹೇಳ್ಬಿಡ್ತೀನಿ. 52 ಮೆಟ್ಟಿಲು, ಮರದ್ದು, ಕಿರಿದಾದ ಸುರುಳಿ ಮೆಟ್ಟಿಲು, ಒಬ್ರು ಇಳೀತಿದ್ರೆ ಇನ್ನೊಬ್ರು ಹತ್ತೋಕೆ ಆಗಲ್ಲ, ಕೆಳಗೆ ಕಾಯಬೇಕು. ಮಂಡಿ ನೋವಿರೋರು, ತಲೆ ಸುತ್ತು ಬರೋರು, ಕೈಯಲ್ಲಿ ಮಗು ಇರೋರು ಯೋಚನೆ ಮಾಡಿ ಹೋಗಿ. ದೊಡ್ಡ ಬ್ಯಾಗ್ ಬೇಡವೇ ಬೇಡ. ನಾನು ಅರ್ಧದಲ್ಲಿ ನಿಂತು ಉಸಿರು ತಗೊಂಡೆ. ಆಗ ತಲೆಗೆ ಬಂದಿದ್ದು ಒಂದೇ ಪ್ರಶ್ನೆ, ಇಷ್ಟು ಕಿರಿದಾದ ಮೆಟ್ಟಿಲಲ್ಲಿ ಕಾಲು ಮುರಿದ ಪೇಷೆಂಟನ್ನ ಹೆಂಗೆ ಮೇಲೆ ತರ್ತಿದ್ರು? ಉತ್ತರ ಮೇಲೆ ಹೋದ ಮೇಲೆ ಸಿಗ್ತು. ಅವರನ್ನ ಈ ಮೆಟ್ಟಿಲಲ್ಲಿ ತರ್ತಾನೇ ಇರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಈ ಆಸ್ಪತ್ರೆ ಕಥೆ ಬಹಳ ಹಿಂದಿಂದು. 12ನೇ ಶತಮಾನದಲ್ಲಿ ಮಠದ ಸನ್ಯಾಸಿಗಳು ಬಡವರಿಗೆ, ಕಾಯಿಲೆಯವರಿಗೆ ಅಂತ ಶುರು ಮಾಡಿದ್ದು, ಆಗ ಕೊಲೆಯಾಗಿ ಸಂತ ಅನ್ನಿಸ್ಕೊಂಡಿದ್ದ ಥಾಮಸ್ ಬೆಕೆಟ್ ಹೆಸರು ಇಟ್ರು. 1212ರಲ್ಲಿ ಬೆಂಕಿ ಬಿದ್ದ ಮೇಲೆ ಈಗ ಈ ಚರ್ಚು ಇರೋ ಜಾಗಕ್ಕೆ ಬಂತು. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ 1540ರಲ್ಲಿ ಇದನ್ನೂ ಮುಚ್ಚಿದ್ರು, ಹತ್ತು ವರ್ಷಕ್ಕೂ ಜಾಸ್ತಿ ಬಾಗಿಲು ಹಾಕಿತ್ತು, ಅವನ ಮಗ ಆರನೇ ಎಡ್ವರ್ಡ್ ಕಾಲದಲ್ಲಿ ಮತ್ತೆ ತೆಗೆದ್ರು. ಬೆಕೆಟ್ ಹೆಸರು ಹೇಳೋ ಹಾಗಿರಲಿಲ್ಲ ಅದಕ್ಕೆ ಯೇಸುವಿನ ಶಿಷ್ಯ ಥಾಮಸ್‌ನ ಹೆಸರಿಗೆ ಬದಲಾಯಿಸಿದ್ರು, ಕರೆಯೋರ ಬಾಯಲ್ಲಿ ಮಾತ್ರ ಅದೇ ಸೇಂಟ್ ಥಾಮಸ್. 1700ರ ಆಸುಪಾಸಲ್ಲಿ ಇಡೀ ಆಸ್ಪತ್ರೆನ ಹೊಸದಾಗಿ ಕಟ್ಟಿದಾಗ ಈ ಇಟ್ಟಿಗೆ ಚರ್ಚೂ ಎದ್ದಿದ್ದು. ಚರ್ಚು ಬೇರೆ, ಆಸ್ಪತ್ರೆ ಬೇರೆ ಅಂತಲ್ಲ, ಎರಡೂ ಗೋಡೆಗೆ ಗೋಡೆ ಅಂಟ್ಕೊಂಡಿತ್ತು. ಇದನ್ನ ತಲೇಲಿ ಇಟ್ಕೊಂಡ್ರೆ ಮುಂದಿಂದೆಲ್ಲ ಸಲೀಸಾಗಿ ಅರ್ಥ ಆಗುತ್ತೆ.

ಮೇಲೆ ಹೋದ ತಕ್ಷಣ ಓಟಿ ಸಿಗಲ್ಲ, ಮೊದಲು ಅಟ್ಟ. ಒಳಗೆ ಕಾಲಿಟ್ಟ ಕೂಡ್ಲೆ ಮೂಗಿಗೆ ಬಡಿಯೋದು ಗಿಡಮೂಲಿಕೆ ವಾಸನೆ, ನಾಟಿ ಔಷಧಿ ಅಂಗಡಿ ಒಳಗೆ ಹೊಕ್ಕ ಹಾಗೆ. ದಪ್ಪ ದಪ್ಪ ತೊಲೆ, ತಲೆ ಬಗ್ಗಿಸಿ ಓಡಾಡಬೇಕು. ಆಸ್ಪತ್ರೆಯ ಅಪೊಥೆಕರಿ, ಅಂದ್ರೆ ಔಷಧಿ ಮಾಡಿ ಕೊಡೋನು, ಇಲ್ಲಿ ಮೂಲಿಕೆ ಒಣಗಿಸಿ ಇಡ್ತಿದ್ದ. ಯಾಕೆ ಅಟ್ಟ ಅಂದ್ರೆ, ಬಿಸಿಲಿನ ಕಾವು, ಗಾಳಿ, ತೇವ ಇಲ್ಲ, ಇಲಿ ಕಾಟ ಕಮ್ಮಿ. ನಮ್ಮಲ್ಲಿ ಹಿಂದೆ ಅಟ್ಟದ ಮೇಲೆ ಬೀಜ, ಬೆಲ್ಲ ಇಡ್ತಿರಲಿಲ್ವಾ, ಅದೇ ಲೆಕ್ಕ. ಆಮೇಲೆ ರಿಪೇರಿ ಮಾಡುವಾಗ ಜಂತೆ ಸಂದಿಯಲ್ಲಿ ಒಣಗಿದ ಗಸಗಸೆ ಕಾಯಿ ಸಿಕ್ತಂತೆ. ಗಸಗಸೆ ಕಾಯಿ ಅಂದ್ರೆ ಅಫೀಮು, ಅಫೀಮು ಅಂದ್ರೆ ಆಗಿನ ಕಾಲಕ್ಕೆ ಇದ್ದ ಒಂದೇ ಒಂದು ಗಟ್ಟಿ ನೋವಿನ ಔಷಧಿ. ನಾನು ದಿನಾ ಬೀಗ ಹಾಕಿದ ಕಪಾಟಿಂದ ಮಾರ್ಫಿನ್ ತೆಗೆದು, ಇಬ್ರು ಸೈನ್ ಹಾಕಿ, ಉಳಿದಿದ್ದನ್ನ ಲೆಕ್ಕ ಬರೆದು ಇಡ್ತೀನಿ. ಅದರ ಮುತ್ತಜ್ಜಿ ಇಲ್ಲೇ ಜಂತೆಗೆ ನೇತಾಡ್ತಾ ಇದ್ದಿದ್ದು.

ಅಟ್ಟದ ತುಂಬಾ ಸಾಮಾನು. ಗುಳಿಗೆ ಉರುಳಿಸೋ ಮರದ ಹಲಗೆ, ಕುಟ್ಟಾಣಿ, ಜಿಗಣೆ ಇಡ್ತಿದ್ದ ಜಾಡಿ, ರಕ್ತ ತೆಗೆಯೋ ಸಣ್ಣ ಸಣ್ಣ ಬ್ಲೇಡಿನ ಪೆಟ್ಟಿಗೆ, ಹೆರಿಗೆ ಇಕ್ಕಳ, ತಲೆಬುರುಡೆ ಕೊರೆಯೋ ತಿರುಪು. ಬಸವನಹುಳುವಿಂದ ಔಷಧಿ ನೀರು ಇಳಿಸೋ ವಿಧಾನಾನೂ ಬರೆದಿಟ್ಟಿದಾರೆ, ಓದಿದ್ರೆ ಗೊತ್ತಾಗುತ್ತೆ. ತುಂಬಾ ಜನ ಇಲ್ಲೇ ಜಾಸ್ತಿ ಹೊತ್ತು ನಿಲ್ತಾರೆ, ಮಕ್ಕಳಿಗಂತೂ ಖುಷಿ. ನನಗೆ ಅಷ್ಟೊಂದು ಹಿಡಿಸಲಿಲ್ಲ ಅಂತಲ್ಲ, ಆದ್ರೆ ಹೆರಿಗೆ ಇಕ್ಕಳದ ಮುಂದೆ ಬಿಟ್ರೆ ಬೇರೆ ಕಡೆ ಕಾಲು ನಿಲ್ಲಲಿಲ್ಲ, ಕಣ್ಣು ಆಗ್ಲೇ ಒಳಗಿನ ಬೆಳಕಿನ ಕಡೆ ಹೋಗಿತ್ತು.

ಓಟಿ ಅಂದ್ರೆ ಏನು ಅಂತ ಹೇಳಲಿ. ಅಟ್ಟದ ಸೂರನ್ನ ಒಡೆದು ದೊಡ್ಡ ಬೆಳಕಿಂಡಿ ಕೂರಿಸಿದಾರೆ, ಆ ಬೆಳಕು ಸೀದಾ ನಡುವೆ ಇರೋ ಒಂದು ಮರದ ಮೇಜಿನ ಮೇಲೆ ಬೀಳುತ್ತೆ. ಮೇಜಿನ ಸುತ್ತ ಕುದುರೆ ಲಾಳದ ಆಕಾರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂತ್ಕೊಳ್ಳೋ ಜಾಗ, ಒರಗೋಕೆ ಅಡ್ಡಪಟ್ಟಿ. ಕೂತ್ಕೊಳ್ಳೋಕೆ ಅಲ್ಲ, ನಿಂತು ನೋಡೋಕೆ. ಥಿಯೇಟರ್ ಅನ್ನೋ ಪದಾನ ನಾನು ಸಾವಿರ ಸಲ ಬಾಯಲ್ಲಿ ಹೇಳಿದೀನಿ, ಯಾಕೆ ಥಿಯೇಟರ್ ಅಂತಾರೆ ಅಂತ ಒಂದು ಸಲಾನೂ ಕೇಳ್ಕೊಂಡಿರಲಿಲ್ಲ. ಇಲ್ಲಿ ನಿಂತಾಗ ಗೊತ್ತಾಯ್ತು. ನಿಜವಾಗ್ಲೂ ನೋಡೋರಿಗೆ ಅಂತಾನೇ ಕಟ್ಟಿದ ಜಾಗ.

ನೋಡೋರು ಯಾರು? ಮೆಡಿಕಲ್ ಸ್ಟೂಡೆಂಟ್‌ಗಳು. 1815ರಲ್ಲಿ ಅಪೊಥೆಕರಿ ಕಾಯ್ದೆ ಬಂತು, ಲೈಸೆನ್ಸ್ ಬೇಕು ಅಂದ್ರೆ ಆರು ತಿಂಗಳು ಆಸ್ಪತ್ರೇಲಿ ಕಲೀಲೇಬೇಕು ಅಂತ ಮಾಡಿದ್ರು. ಹುಡುಗರು ದಂಡು ದಂಡಾಗಿ ಬಂದ್ರು. ಎದುರಿಗಿರೋ ಗೈಸ್ ಆಸ್ಪತ್ರೇನೂ ಇದೂ ಆಗ ಕಲಿಸೋದ್ರಲ್ಲಿ ಜೊತೆಯಾಗಿದ್ವು. ಕವಿ ಜಾನ್ ಕೀಟ್ಸ್ ಕೂಡ 1815ರಲ್ಲಿ ಇಲ್ಲಿಗೇ ಸ್ಟೂಡೆಂಟಾಗಿ ಬಂದಿದ್ದು, ಸರ್ಜನ್ ಕೈಕೆಳಗೆ ಡ್ರೆಸ್ಸರ್ ಕೆಲಸ, ಅಂದ್ರೆ ಗಾಯಕ್ಕೆ ಪಟ್ಟಿ ಕಟ್ಟೋ ಸಹಾಯಕನ ಕೆಲಸ, ಮಾಡಿ ಲೈಸೆನ್ಸೂ ತಗೊಂಡ, ಆಮೇಲೆ ಬಿಟ್ಟು ಕವಿತೆ ಕಡೆ ಹೋದ. ಈ ಓಟಿ ಅವನು ನೋಡಿಲ್ಲ, ಇದು ಕಟ್ಟೋ ಹೊತ್ತಿಗೆ ಅವನು ಕ್ಷಯ ಬಂದು ತೀರ್ಕೊಂಡಿದ್ದ. ಆದ್ರೆ ಇಂಥದೇ ಓಟಿಗಳಲ್ಲಿ ಇಂಥದೇ ಸಾಲಲ್ಲಿ ನಿಂತೇ ಇರ್ತಾನೆ. ಇದೇ ಆಸ್ಪತ್ರೆಯ ಸರ್ಜನ್ ಒಬ್ರು ಆಮೇಲೆ ನೆನಪು ಮಾಡ್ಕೊಂಡಿದಾರೆ, ಹುಡುಗರು ಪೀಪಾಯಿಗೆ ಮೀನು ತುಂಬಿದ ಹಾಗೆ ಒತ್ತೊತ್ತಾಗಿ ನಿಂತಿರ್ತಿದ್ರು, ಮುಂದಿನೋರ ತಲೆ ಅಡ್ಡ ಬಂದ್ರೆ ಹಿಂದಿನೋರು ತಲೆ, ತಲೆ ಅಂತ ಕೂಗಾಡ್ತಿದ್ರು ಅಂತ. ಸರ್ಜನ್‌ಗೇ ಅಲ್ಲಾಡೋಕೆ ಜಾಗ ಇರ್ತಿರಲಿಲ್ವಂತೆ.

ಆ ಗದ್ದಲದ ನಡುವೆ ಮೇಜಿನ ಮೇಲೆ ಮಲಗಿರ್ತಿದ್ದಿದ್ದು ಒಬ್ಳು ಹೆಂಗಸು. ಎಚ್ಚರ ಇದ್ದ ಹೆಂಗಸು.

ಯಾಕೆ ಹೆಂಗಸು ಅಂದ್ರೆ ಈ ಓಟಿ ಹೆಂಗಸರ ಸರ್ಜರಿ ವಾರ್ಡಿಗೆ ಅಂತ ಮಾಡಿದ್ದು. ಚರ್ಚಿನ ಪಕ್ಕದ ಕಟ್ಟಡದಲ್ಲಿ, ಸರಿಯಾಗಿ ಈ ಅಟ್ಟದ ಮಟ್ಟಕ್ಕೇ, ಡಾರ್ಕಸ್ ಅನ್ನೋ ಹೆಂಗಸರ ವಾರ್ಡ್ ಇತ್ತು. ಅಲ್ಲಿಂದ ಸೀದಾ ಇಲ್ಲಿಗೆ ಬರೋ ಹಾದಿ. ಪೇಷೆಂಟನ್ನ ಮೆಟ್ಟಿಲು ಹತ್ತಿಸೋ ಪ್ರಮೇಯಾನೇ ಇಲ್ಲ. ಅದಕ್ಕೂ ಮೊದಲು ಆಪರೇಷನ್ ಎಲ್ಲಿ ಮಾಡ್ತಿದ್ರು ಗೊತ್ತಾ? ವಾರ್ಡಲ್ಲೇ. ಬೇರೆ ಪೇಷೆಂಟುಗಳ ಮುಂದೇನೇ. ನಾಳೆ ತನ್ನ ಸರದಿ ಅಂತ ಗೊತ್ತಿರೋಳು ಪಕ್ಕದ ಮಂಚದಿಂದ ಇವತ್ತಿನ ಕೂಗು ಕೇಳಿಸ್ಕೊಂಡು ಮಲಗಿರಬೇಕು. 1822ರಲ್ಲಿ ಅಟ್ಟದಲ್ಲಿ ಬೇರೆ ರೂಮು ಮಾಡಿದ್ದು ಹಂಗೆ ನೋಡಿದ್ರೆ ಕರುಣೆಯ ಕೆಲಸಾನೇ. ಕೂಗು ಗೋಡೆ ಆಚೆ ಉಳಿಯುತ್ತೆ, ಮೇಲಿಂದ ಬೆಳಕೂ ಸಿಗುತ್ತೆ. ಇವತ್ತಿನ ಕಣ್ಣಲ್ಲಿ ನೋಡಿ ಎಂಥ ಕ್ರೂರಿಗಳು ಅಂತ ಬೈಯೋಕೆ ಬಾಯಿ ಬರುತ್ತೆ, ನನಗೂ ಬಂತು, ಆದ್ರೆ ಅವರು ತಮ್ಮ ಕೈಲಿ ಆಗಿದ್ದನ್ನ ಮಾಡ್ತಾ ಇದ್ರು ಅನ್ನೋದೂ ಅದೇ ಗೋಡೆಯಲ್ಲೇ ಕಾಣುತ್ತೆ. ಲ್ಯಾಟಿನ್ನಲ್ಲಿ ಒಂದು ಸಾಲು ಬರೆದಿದಾರೆ ಅಲ್ಲಿ, ಮಿಸೆರಾತಿಯೋನೆ ನಾನ್ ಮೆರ್ಸೆಡೆ. ದುಡ್ಡಿಗಲ್ಲ, ಕರುಣೆಗೆ ಅಂತ ಅರ್ಥ.

ದುಡ್ಡಿದ್ದೋರು ಯಾರೂ ಇಲ್ಲಿಗೆ ಬರ್ತಿರಲಿಲ್ಲ. ಅವರ ಆಪರೇಷನ್ ಅವರ ಮನೇಲೇ ಆಗ್ತಿತ್ತು, ಅಡುಗೆಮನೆ ಮೇಜಿನ ಮೇಲೋ ಮಲಗೋ ಕೋಣೇಲೋ. ಆಸ್ಪತ್ರೆಗೆ ಬರೋರು ಬಡವರು, ಮನೆಗೆಲಸದೋರು, ಕೂಲಿಯೋರು. ಅವರಿಗೆ ಆ ಕಾಲದ ಒಳ್ಳೇ ಸರ್ಜನ್ ಕೈ ಸಿಗ್ತಿತ್ತು, ಅದಕ್ಕೆ ಬದಲು ಅವರ ಮೈ ಅಷ್ಟು ಜನ ಗಂಡಸರ ಕಣ್ಣ ಮುಂದೆ ಪಾಠ ಆಗ್ತಿತ್ತು. ಇದನ್ನ ಓದಿದಾಗ ನನಗೆ ಹೊಟ್ಟೆ ಕಿವುಚಿದಂಗಾಯ್ತು, ಯಾಕಂದ್ರೆ ಟ್ರೈನಿಂಗ್ ದಿನಗಳಲ್ಲಿ ನಾನು ಕಣ್ಣಾರೆ ನೋಡಿದೀನಿ. ಯಾವ ಊರು, ಯಾವ ಆಸ್ಪತ್ರೆ ಅಂತ ಹೇಳಲ್ಲ. ಒಬ್ರು ಅಮ್ಮ, ವಯಸ್ಸು ಐವತ್ತೈದು ಅರವತ್ತು ಇರಬೇಕು, ಮಂಚದ ಸುತ್ತ ಹದಿನೈದು ಸ್ಟೂಡೆಂಟ್‌ಗಳು, ಸ್ಕ್ರೀನ್ ಎಳೆದಿಲ್ಲ, ಸೆರಗು ಸರಿಸಿ ಗಂಟು ಮುಟ್ಟಿ ಮುಟ್ಟಿ ನೋಡ್ತಿದಾರೆ, ಯಾರೂ ಅವರ ಹತ್ರ ಒಂದು ಮಾತು ಕೇಳಿಲ್ಲ. ಅವರು ನನ್ನ ಕೈ ಹಿಡ್ಕೊಂಡು ಗೋಡೆ ಕಡೆ ಮುಖ ತಿರುಗಿಸಿಬಿಟ್ರು. ನಾನು ಆಗ ಸೆಕೆಂಡ್ ಇಯರ್, ಸ್ಕ್ರೀನ್ ಎಳೀರಿ ಅಂತ ಹೇಳೋ ಧೈರ್ಯ ಇರಲಿಲ್ಲ. ಈಗಲೂ ನೆನೆಸ್ಕೊಂಡ್ರೆ ಬೇಜಾರಾಗುತ್ತೆ. ಅದಕ್ಕೇ ಹೇಳ್ತೀನಿ, ಈ ಮ್ಯೂಸಿಯಂಗೆ ಹೋದ್ರೆ ಎಲ್ಲರೂ ಮೊದಲು ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡ್ತಾರೆ, ನೀವು ದಯವಿಟ್ಟು ಕೆಳಗೆ ಮೇಜಿನ ಹತ್ರ ನಿಂತು ಒಂದು ಸಲ ಮೇಲೆ ನೋಡಿ. ಬೆಳಕಿಂಡಿ, ಅದರ ಸುತ್ತ ಬರೀ ಮುಖ. ಮಲಗಿದೋರಿಗೆ ಕಾಣ್ತಿದ್ದಿದ್ದು ಅದು. ಕಣ್ಣಿಗೆ ಬಟ್ಟೆ ಕಟ್ಟಿ ಕರ್ಕೊಂಡು ಬರ್ತಿದ್ದಿದ್ದೂ ಇತ್ತಂತೆ, ಯಾಕೆ ಅಂತ ಅಲ್ಲಿ ನಿಂತ್ರೆ ಯಾರೂ ಹೇಳೋದು ಬೇಕಾಗಲ್ಲ.

ಆಗಿನ ಆಪರೇಷನ್ ಅಂದ್ರೆ ಹೆಚ್ಚಿಗೆ ಕೈಕಾಲು ತೆಗೆಯೋದು, ಮೂತ್ರಕೋಶದ ಕಲ್ಲು ತೆಗೆಯೋದು, ಮೈಮೇಲಿನ ಗಡ್ಡೆ ಕೊಯ್ಯೋದು. ಹೊಟ್ಟೆ ಬಿಚ್ಚೋಕೆ ಸಾಮಾನ್ಯವಾಗಿ ಯಾರೂ ಹೋಗ್ತಿರಲಿಲ್ಲ, ಬಿಚ್ಚಿದ್ರೆ ಉಳೀತಿರಲಿಲ್ಲ. ಗಾಡಿ ಹರಿದು ಕಾಲಿನ ಮೂಳೆ ಚರ್ಮ ಸೀಳ್ಕೊಂಡು ಆಚೆ ಬಂದ್ರೆ ಮುಗೀತು, ನಂಜಾಗೋದು ಗ್ಯಾರಂಟಿ, ಅದಕ್ಕೆ ಕಾಲೇ ತೆಗೆದ್ರೆ ಜೀವ ಉಳಿಯೋ ಚಾನ್ಸ್ ಇದೆ ಅನ್ನೋದು ಲೆಕ್ಕ. ರಕ್ತ ತಡೆಯೋಕೆ ತಿರುಪಿನ ಟೂರ್ನಿಕೆ ಪಟ್ಟಿ ತೊಡೆಗೆ ಬಿಗಿದು, ಡ್ರೆಸ್ಸರ್‌ಗಳು ಕೈಕಾಲು ಅದುಮಿ ಹಿಡ್ಕೊಂಡು, ಚಾಕು ಒಂದು ಸುತ್ತು, ಆಮೇಲೆ ಗರಗಸ. ಒಳ್ಳೇ ಸರ್ಜನ್ ಅಂದ್ರೆ ವೇಗ. ನಿಮಿಷದ ಲೆಕ್ಕದಲ್ಲಿ ಕಾಲು ಬೇರೆ ಆಗ್ತಿತ್ತು. ನಾಜೂಕಾಗಿ ನಿಧಾನವಾಗಿ ಮಾಡೋಕೆ ಅವರಿಗೆ ಕೈ ಬರ್ತಿರಲಿಲ್ಲ ಅಂತಲ್ಲ, ಎಚ್ಚರ ಇರೋ ಮನುಷ್ಯ ತಡ್ಕೊಳ್ಳೋದು ಅಷ್ಟೇ ಹೊತ್ತು. ಆಮೇಲೆ ರಕ್ತನಾಳ ಒಂದೊಂದೇ ಹಿಡಿದು ದಾರದಲ್ಲಿ ಕಟ್ಟೋದು, ದಾರದ ತುದಿ ಗಾಯದಿಂದ ಆಚೆ ನೇತಾಡೋ ಹಾಗೇ ಬಿಡೋದು, ದಿನಗಟ್ಟಲೆ ಕೀವು ಸುರಿದು ಅದು ತಾನಾಗೇ ಕಳಚಿ ಬರಬೇಕು.

ಇಲ್ಲಿ ನನ್ನ ಜೊತೆ ಬಂದಿದ್ದ ಹುಡುಗಿ ಮೇಜಿನ ಕೆಳಗೆ ತೋರಿಸಿ "ಅಕ್ಕಾ, ಇದೇನು ಪೆಟ್ಟಿಗೆ, ಗೊಂಬೆ ಮನೆಗೆ ಇಟ್ಟ ಹಾಗೆ" ಅಂದ್ಲು. ಬಗ್ಗಿ ನೋಡಿದೆ. ಮರದ ಪೆಟ್ಟಿಗೆ, ಒಳಗೆ ಮರದ ಹೊಟ್ಟು. ರಕ್ತ ಅದಕ್ಕೆ ಬೀಳಬೇಕು. ರಕ್ತ ಸುರಿಯೋ ಜಾಗಕ್ಕೆ ಸರಿಯಾಗಿ ಕಾಲಲ್ಲಿ ತಳ್ಳಿ ಜರುಗಿಸ್ತಿದ್ರಂತೆ. ಅಷ್ಟೇ ಅಲ್ಲ, ನಾವು ನಿಂತಿರೋ ನೆಲದ ಹಲಗೆ ಕೆಳಗೆ ಇನ್ನೊಂದು ನೆಲ, ಎರಡರ ನಡುವೆ 3 ಇಂಚು ದಪ್ಪ ಹೊಟ್ಟು ತುಂಬಿದ್ರು. ಯಾಕೆ ಅಂದ್ರೆ ಕೆಳಗೆ ಚರ್ಚು, ಮೇಲಿನ ರಕ್ತ ಚಾವಣಿಯಿಂದ ತೊಟ್ಟಿಕ್ಕಬಾರದು ಅಂತ. ನಾನು ರಕ್ತ ಒರೆಸೋ ಸ್ವಾಬ್ ಎಣಿಸೋಳು, ರಕ್ತ ಹೀರೋ ಸಕ್ಷನ್ ಬಾಟಲಲ್ಲಿ ಎಷ್ಟು ಮಿಲಿ ಬಂತು ಅಂತ ಬರೆಯೋಳು, ಅಷ್ಟು ರಕ್ತ ಹೋದ್ರೆ ಇಷ್ಟು ತುಂಬಬೇಕು ಅಂತ ಅನಸ್ತೇಶಿಯಾ ಡಾಕ್ಟರ್‌ಗೆ ಕೂಗಿ ಹೇಳೋಳು. ಆ ಪೆಟ್ಟಿಗೆ ಮುಂದೆ ಕುಕ್ಕರಗಾಲಲ್ಲಿ ಕೂತು ಎಷ್ಟು ಹೊತ್ತಾಯ್ತೋ ನನಗೇ ಗೊತ್ತಾಗಲಿಲ್ಲ.

ಇನ್ನೊಂದು ಮೂಲೇಲಿ ಒಂದು ಸಣ್ಣ ಬೇಸಿನ್. ಊಟಕ್ಕೆ ಮುಂಚೆ ಕೈ ತೊಳೆಯೋಕೆ ಇಡ್ತಾರಲ್ಲ ಅಷ್ಟು. ಅದು ಆಪರೇಷನ್‌ಗೆ ಮುಂಚೆ ಕೈ ತೊಳೆಯೋಕಲ್ಲ, ಆದ ಮೇಲೆ ರಕ್ತ ತೊಳ್ಕೊಳ್ಳೋಕೆ. ಸರ್ಜನ್ ಹಾಕ್ತಿದ್ದಿದ್ದು ಹಳೇ ಕೋಟು, ವರ್ಷಗಟ್ಟಲೆ ಅದೇ ಕೋಟು, ರಕ್ತ ಕೀವು ಒಣಗಿ ಗಟ್ಟಿಯಾಗಿರೋದು, ಅದು ಅನುಭವದ ಗುರುತು. ಬ್ಯಾಕ್ಟೀರಿಯಾ ಅಂದ್ರೇನು ಅಂತ ಯಾರಿಗೂ ಗೊತ್ತಿಲ್ಲ, ಕೆಟ್ಟ ವಾಸನೆಯಿಂದ ಕಾಯಿಲೆ ಬರುತ್ತೆ ಅಂತ ನಂಬಿದ್ದ ಕಾಲ. 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರ್ ಹೆರಿಗೆ ವಾರ್ಡಿಗೆ ಹೋಗೋ ಮುಂಚೆ ಎಲ್ಲರೂ ಕ್ಲೋರಿನ್ ನೀರಲ್ಲಿ ಕೈ ತೊಳೀಬೇಕು ಅಂತ ಮಾಡಿದ, ಬಾಣಂತಿಯರ ಸಾವು ಧಡಕ್ಕನೆ ಇಳೀತು, ಆದ್ರೂ ಅವನ ಮಾತು ದೊಡ್ಡೋರು ಒಪ್ಪಲಿಲ್ಲ. ನಾನು ಆ ಬೇಸಿನ್ ನೋಡ್ತಾ ನನಗೇ ಗೊತ್ತಿಲ್ದಂಗೆ ಮೊಣಕೈವರೆಗೂ ತೋಳು ಮಡಚಿ ಕೈ ಮೇಲೆ ಎತ್ತಿ ಹಿಡ್ಕೊಂಡಿದ್ದೆ, ಆಪರೇಷನ್‌ಗೆ ಮುಂಚೆ ಕೈ ಉಜ್ಜಿ ತೊಳ್ಕೊಂಡು, ಅಂದ್ರೆ ಸ್ಕ್ರಬ್ ಆದ ಮೇಲೆ, ನಿಲ್ತೀವಲ್ಲ ಹಂಗೆ. ಅವಳು ನೋಡಿ ಏನೂ ಅನ್ನಲಿಲ್ಲ, ಅವಳೂ ಹಂಗೇ ನಿಂತಿದ್ಲು.

ಈ ಓಟಿ ನಡೆದಿದ್ದು 40 ವರ್ಷ, 1822ರಿಂದ 1862. ಅದನ್ನ ಎರಡು ಭಾಗ ಮಾಡ್ಕೊಂಡು ನೋಡಬೇಕು. 1846ರ ಅಕ್ಟೋಬರ್ 16ಕ್ಕೆ ಅಮೆರಿಕದ ಬಾಸ್ಟನ್ನಲ್ಲಿ ಈಥರ್ ಅನ್ನೋ ಎಚ್ಚರ ತಪ್ಪಿಸೋ ಔಷಧಿ ಕೊಟ್ಟು ಎಲ್ಲರ ಮುಂದೆ ಆಪರೇಷನ್ ಮಾಡಿ ತೋರಿಸಿದ್ರು, ಎರಡೇ ತಿಂಗಳಲ್ಲಿ, ಡಿಸೆಂಬರ್ 21ಕ್ಕೆ, ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೇಲಿ ರಾಬರ್ಟ್ ಲಿಸ್ಟನ್ ಈಥರ್ ಕೊಟ್ಟು ಕಾಲು ತೆಗೆದ್ರು. ಮುಂದಿನ ವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ ಕ್ಲೋರೋಫಾರ್ಮ್ ತಂದ್ರು. ಅಂದ್ರೆ ಈ ಮೇಜಿನ ಮೇಲೆ ಮೊದಲ 24 ವರ್ಷ ಮಲಗಿದ ಹೆಂಗಸರೆಲ್ಲ ಎಚ್ಚರ ಇದ್ದೇ ಅನುಭವಿಸಿದ್ದು, ಒಂದಿಷ್ಟು ಹೆಂಡ, ಒಂದಿಷ್ಟು ಅಫೀಮು, ಅಷ್ಟೇ. ಆಮೇಲಿನ 15 ವರ್ಷ ನೋವು ಹೋಯ್ತು, ನಂಜು ಹೋಗಲಿಲ್ಲ. ನೋವಿಲ್ಲ ಅಂತ ಸರ್ಜನ್‌ಗಳಿಗೆ ಧೈರ್ಯ ಬಂತು, ಹೆಚ್ಚು ಹೊತ್ತು, ಹೆಚ್ಚು ಒಳಗೆ ಕೈ ಹಾಕಿದ್ರು, ಅದೇ ತೊಳೆಯದ ಕೈ. ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಸಿಡ್ ಹಾಕಿ ಗಾಯ ನಂಜಾಗದ ಹಾಗೆ ಮಾಡಿದ್ದು 1865ರಲ್ಲಿ. ಈ ಓಟಿ ಮುಚ್ಚಿ ಮೂರು ವರ್ಷ ಆದ ಮೇಲೆ. ಈ ರೂಮು ಸ್ಟೆರೈಲ್, ಅಂದ್ರೆ ರೋಗಾಣು ಇಲ್ಲದ್ದು, ಅನ್ನೋ ಪದಾನೇ ಕಾಣದೆ ಹೋಯ್ತು.

ಮುಚ್ಚಿದ್ದು ಯಾಕೆ ಅಂದ್ರೆ ರೈಲು. ಲಂಡನ್ ಬ್ರಿಡ್ಜ್ ಸ್ಟೇಷನ್ನಿಂದ ಚೇರಿಂಗ್ ಕ್ರಾಸ್ ಕಡೆ ಹಳಿ ಹಾಕೋಕೆ ಆಸ್ಪತ್ರೆ ಜಾಗ ಬೇಕಾಯ್ತು. ಒಂದು ತುಂಡು ಜಾಗ ಕೊಟ್ಟು ಇಲ್ಲೇ ಇರೋದಾ, ಎಲ್ಲಾ ಮಾರಿ ಬೇರೆ ಕಡೆ ಹೋಗೋದಾ ಅಂತ ದೊಡ್ಡ ಚರ್ಚೆ. ಫ್ಲಾರೆನ್ಸ್ ನೈಟಿಂಗೇಲ್ ಗಾಳಿ ಬೆಳಕು ಇರೋ ಕಡೆ ಹೋಗಿ ಅಂತ ಹೇಳಿದೋರು. 1862ರಲ್ಲಿ ಆಸ್ಪತ್ರೆ ಎದ್ದು ಹೋಯ್ತು, ಕೆಲವು ವರ್ಷ ಸರ್ರೆ ಗಾರ್ಡನ್ಸಲ್ಲಿ ಹಂಗಾಮಿಯಾಗಿ ನಡೆದು, 1871ರಲ್ಲಿ ಲ್ಯಾಂಬೆತ್‌ನಲ್ಲಿ, ಪಾರ್ಲಿಮೆಂಟ್ ಎದುರು ನದಿ ಈಚೆ ದಡದಲ್ಲಿ, ಹೊಸ ಕಟ್ಟಡಕ್ಕೆ ಸೇರ್ತು. ಇವತ್ತಿಗೂ ಸೇಂಟ್ ಥಾಮಸ್ ಆಸ್ಪತ್ರೆ ಇರೋದು ಅಲ್ಲೇ. ನೈಟಿಂಗೇಲ್ ಮ್ಯೂಸಿಯಂ ಕೂಡ ಅದೇ ಆವರಣದಲ್ಲಿ.

ನೈಟಿಂಗೇಲ್ ವಿಷಯ ಬಂದಿದ್ದಕ್ಕೆ ಒಂದು ಮಾತು, ನರ್ಸ್‌ಗಳು ಯಾರಾದ್ರೂ ಓದ್ತಿದ್ರೆ ನಿಮಗೆ ಅಂತಾನೇ. ನಾವೆಲ್ಲ ಫಸ್ಟ್ ಇಯರ್‌ನಲ್ಲಿ ದೀಪ ಹಚ್ಚಿ ಪ್ರತಿಜ್ಞೆ ತಗೋತೀವಲ್ಲ, ಆ ಟ್ರೈನಿಂಗ್ ಅನ್ನೋದರ ಬೇರು ಇಲ್ಲಿದೆ. 1860ರಲ್ಲಿ ನೈಟಿಂಗೇಲ್ ಫಂಡಿನ ದುಡ್ಡಲ್ಲಿ ನರ್ಸಿಂಗ್ ಸ್ಕೂಲು ಶುರುವಾಗಿದ್ದು ಇದೇ ಸೇಂಟ್ ಥಾಮಸ್ ಆಸ್ಪತ್ರೇಲಿ, ಆಗ ಆಸ್ಪತ್ರೆ ಇನ್ನೂ ಈ ರಸ್ತೆಯಲ್ಲೇ ಇತ್ತು. ಮೊದಲ ಬ್ಯಾಚಲ್ಲಿ 15 ಜನ, ಮೇಟ್ರನ್, ಅಂದ್ರೆ ನರ್ಸ್‌ಗಳ ಮುಖ್ಯಸ್ಥೆ, ಸಾರಾ ವಾರ್ಡ್‌ರೋಪರ್ ಕೈಕೆಳಗೆ. ಓಟಿ ಮುಚ್ಚಿದ್ದು 1862. ಲೆಕ್ಕ ಹಾಕಿ ನೋಡಿ, ಎರಡು ವರ್ಷ ಈ ಓಟಿನೂ ಆ ಸ್ಕೂಲೂ ಒಂದೇ ಕಾಂಪೌಂಡಲ್ಲಿ ಇದ್ವು. ಇನ್ನೊಂದು ಗೊತ್ತಾ, ಪೇಷೆಂಟುಗಳು ನಮ್ಮನ್ನ ಸಿಸ್ಟರ್ ಅಂತ ಕರೀತಾರಲ್ಲ, ಈ ಆಸ್ಪತ್ರೇಲಿ ವಾರ್ಡಿನ ಯಜಮಾನಿಕೆ ಇದ್ದ ಹೆಂಗಸಿಗೆ ನೈಟಿಂಗೇಲ್‌ಗಿಂತ ಎಷ್ಟೋ ಮುಂಚಿಂದ್ಲೇ ಸಿಸ್ಟರ್ ಅಂತಾನೇ ಹೆಸರು. ಓದಿದ ತಕ್ಷಣ ಪಕ್ಕದಲ್ಲಿದ್ದೋಳ ಕೈ ಹಿಡ್ಕೊಂಡೆ. ನಾಲ್ಕು ವರ್ಷದ ಕೋರ್ಸಲ್ಲಿ ನೈಟಿಂಗೇಲ್ ಹುಟ್ಟಿದ ತಾರೀಕು ಬಾಯಿಪಾಠ ಮಾಡಿಸಿದ್ರು, ಇದನ್ನ ಯಾರೂ ಹೇಳಲಿಲ್ಲ.

ಆಸ್ಪತ್ರೆ ಹೋದ ಮೇಲೆ ಕಟ್ಟಡಗಳಲ್ಲಿ ಹೆಚ್ಚಿನವು ನೆಲಸಮ ಆದ್ವು. ವಾರ್ಡ್ ಕಡೆ ಹಾದಿ ಮುಚ್ಚಿ ಗೋಡೆ ಮಾಡಿದ್ರು, ಚರ್ಚು ಉಳೀತು, ಅದರ ಅಟ್ಟದಲ್ಲಿ ಒಂದು ಓಟಿ ಇದೆ ಅನ್ನೋದೇ ಜನಕ್ಕೆ ಮರೆತುಹೋಯ್ತು. ಸುಮಾರು ನೂರು ವರ್ಷ ಕತ್ತಲಲ್ಲಿ. 1956ರಲ್ಲಿ ರೇಮಂಡ್ ರಸೆಲ್ ಅನ್ನೋರು ಈ ಆಸ್ಪತ್ರೆ ಇತಿಹಾಸ ಹುಡುಕ್ತಾ ಹುಡುಕ್ತಾ ಏಣಿ ಹಾಕ್ಕೊಂಡು ಅಟ್ಟಕ್ಕೆ ಹತ್ತಿ ನೋಡಿದ್ರೆ ಇದು ಸಿಕ್ತು. 1962ರಲ್ಲಿ ಮ್ಯೂಸಿಯಂ ಆಗಿ ಜನಕ್ಕೆ ತೆರೆದ್ರು. ಯೂರೋಪಲ್ಲಿ ಉಳಿದಿರೋ ಇಂಥ ಓಟಿಗಳಲ್ಲಿ ಇದೇ ಅತಿ ಹಳೇದು ಅಂತಾರೆ. ಯಾರಾದ್ರೂ ನಡುವೆ ನೆನಪಿಟ್ಕೊಂಡು ಅಟ್ಟ ಖಾಲಿ ಮಾಡಿ ಏನಾದ್ರೂ ತುಂಬಿದ್ದಿದ್ರೆ ಇವತ್ತು ಏನೂ ಇರ್ತಿರಲಿಲ್ಲ. ಮರೆತಿದ್ದಕ್ಕೇ ಉಳೀತು.

ಹೋಗೋರಿಗೆ ಒಂದೆರಡು ಮಾತು. ವಾರದ ಎಲ್ಲಾ ದಿನ ತೆರೆದಿರಲ್ಲ, ವೆಬ್‌ಸೈಟಲ್ಲಿ ದಿನ ಟೈಮು ನೋಡ್ಕೊಂಡು ಮುಂಚೆನೇ ಬುಕ್ ಮಾಡಿ. ಜಾಗ ಚಿಕ್ಕದು, ಬೆಳಿಗ್ಗೆ ಬೇಗ ಹೋದ್ರೆ ಓಟಿ ಒಳಗೆ ನಿಮಗೆ ನಾಲ್ಕು ನಿಮಿಷ ಸುಮ್ನೆ ನಿಂತ್ಕೊಳ್ಳೋಕೆ ಆಗುತ್ತೆ, ಆ ಸುಮ್ನೆ ನಿಲ್ಲೋದು ಬಹಳ ಮುಖ್ಯ. ಆಗಿನ ಸರ್ಜರಿ ಬಗ್ಗೆ ಮಾತಾಡಿ ತೋರ್ಸೋ ಕಾರ್ಯಕ್ರಮ ಇದ್ರೆ ತಪ್ಪಿಸ್ಕೋಬೇಡಿ. ಒಂದೂವರೆ ಗಂಟೆ ಬೇಕು, ಓದ್ತಾ ಹೋಗೋರಿಗೆ ಎರಡು. ರಕ್ತ ಅಂದ್ರೆ ಹೆದರೋ ಮಕ್ಕಳನ್ನ ಕರ್ಕೊಂಡು ಹೋಗೋ ಮುಂಚೆ ಸ್ವಲ್ಪ ಹೇಳಿ ತಯಾರು ಮಾಡಿ. ಆಪರೇಷನ್‌ಗೆ ಡೇಟ್ ಕೊಟ್ಟು ಕಾಯ್ತಾ ಇರೋರು ಆಪರೇಷನ್ ಮುಗಿದ ಮೇಲೆ ಹೋಗಿ, ಇದು ನರ್ಸಾಗಿ ಹೇಳ್ತಿರೋದು.

ಅಲ್ಲಿ ನನಗೆ ಎಷ್ಟು ಹುಡುಕಿದ್ರೂ ಸಾಲದೇ ಇದ್ದಿದ್ದು ಒಂದೇ, ಮೇಜಿನ ಮೇಲೆ ಮಲಗಿದೋರ ಮಾತು. ಸರ್ಜನ್‌ಗಳು ಬರೆದಿಟ್ಟಿದಾರೆ, ಸ್ಟೂಡೆಂಟ್‌ಗಳು ಬರೆದಿಟ್ಟಿದಾರೆ, ಮಲಗಿದ ಬಡ ಹೆಂಗಸರು ಏನು ಅಂದ್ರು ಅನ್ನೋದು ಹೆಚ್ಚೇನೂ ಉಳಿದಿಲ್ಲ, ಎಷ್ಟೋ ಜನಕ್ಕೆ ಬರೆಯೋಕೇ ಬರ್ತಿರಲಿಲ್ಲ. ಅದಕ್ಕೇ ಹೊರಡೋ ಮುಂಚೆ ಅವಳು "ಅಕ್ಕಾ, ಅವ್ರು ಯಾವ ಕಡೆಯಿಂದ ಬರ್ತಿದ್ರು, ತೋರ್ಸಿ" ಅಂದಾಗ ಇಬ್ರೂ ವಾಪಸ್ ಒಳಗೆ ಹೋದ್ವಿ. ವಾರ್ಡ್ ಇದ್ದ ಕಡೆಯ ಗೋಡೆ ಹತ್ರ ನಿಂತ್ವಿ. ಆಚೆ ಡಾರ್ಕಸ್ ವಾರ್ಡ್ ಇಲ್ಲ, ಮಂಚ ಇಲ್ಲ, ಕಾಯ್ತಾ ಮಲಗಿದೋರು ಇಲ್ಲ. ಅಲ್ಲಿಂದ ಮೇಜಿಗೆ ಎಷ್ಟು ದೂರ ಅಂತ ಅವಳು ನಡೆದು ನೋಡಿದ್ಲು. ಬರೀ ನಾಲ್ಕೈದು ಹೆಜ್ಜೆ.